ದುಡ್ಡು ಕೊಡ್ತೀನಿ ಅಂದ್ರೂ ಸಿನಿಮಾ ಕೊಡಲ್ಲ

ಒಂದು ಭಾನುವಾರ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿ ನೋಡಿ. ರಣಹದ್ದು ನೋಡೋಕೆ ಬಂದವರು ನಾಲ್ಕು ಜನ ಇರ್ತಾರೆ, ದೇವರಿಗೆ ಕೈ ಮುಗಿಯೋಕೆ ಬಂದವರು ಒಂದಷ್ಟು ಜನ. ಮಿಕ್ಕವರೆಲ್ಲ ಕೇಳೋದು ಒಂದೇ ಪ್ರಶ್ನೆ: ಗಬ್ಬರ್ ಸಿಂಗ್ ಓಡಾಡಿದ ಬಂಡೆ ಯಾವುದು? ಒಂದು ಕಾಲಕ್ಕೆ ಈ ಊರು ಕ್ಲೋಸ್‌ಪೇಟೆ ಆಗಿತ್ತು, ಆಮೇಲೆ ರಾಮನಗರ ಆಯ್ತು, 2007ರಲ್ಲಿ ಜಿಲ್ಲೆ ಆಯ್ತು. 2025ರಲ್ಲಿ ಆ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಅಂತ ಬದಲಾಯಿಸಿದರು. ಕಾಗದದ ಮೇಲೆ ಏನೇ ಬದಲಾಗಲಿ, ಬಂಡೆಯ ವಿಳಾಸ ಇವತ್ತಿಗೂ ಶೋಲೆ.

ಕಳೆದ ಡಿಸೆಂಬರ್ 12ಕ್ಕೆ ಆ ಶೋಲೆ ಮತ್ತೆ ಥಿಯೇಟರಿಗೆ ಬಂತು. ಧರ್ಮೇಂದ್ರ ತೀರಿಕೊಂಡು ಮೂರು ವಾರವೂ ಆಗಿರಲಿಲ್ಲ. ನಮ್ಮ ವರದಿಗಾರರು ಬೆಟ್ಟದ ತಪ್ಪಲಿನಲ್ಲಿ ಒಬ್ಬ ಹಿರಿಯರನ್ನು ಮಾತಾಡಿಸಿಕೊಂಡು ಬಂದರು. ಶೂಟಿಂಗ್ ನಡೆದಾಗ ಹುಡುಗ, ಕಲ್ಲು-ಮಣ್ಣು ಹೊತ್ತವರಂತೆ. ಮೊಮ್ಮಗ ಬೆಂಗಳೂರಿಗೆ ಕರ್ಕೊಂಡು ಹೋಗಿ ಹೊಸ ಪ್ರಿಂಟ್ ತೋರಿಸಿದ್ದ. ಹೆಂಗಿತ್ತು ಯಜಮಾನ್ರೆ ಅಂದ್ರೆ, ಅವರು ಹೇಳಿದ್ದು ಇಷ್ಟು: "ಎಲ್ಲ ಸರಿ ಇತ್ತು ಸಾಮಿ. ಆದ್ರೆ ಕೊನೇಲಿ ಪೊಲೀಸ್ನೋರು ಬರ್ಲೇ ಇಲ್ವಲ್ಲ? ಠಾಕೂರು ಗಬ್ಬರ್‌ನ ತುಳ್ದೇ ಸಾಯಿಸ್ಬುಟ್ಟ. ನಾವು ನೋಡಿದ್ದು ಇದಲ್ಲ."

ಸರಿಯಾಗೇ ಹೇಳಿದರು. ನಾವ್ಯಾರೂ ನೋಡಿದ್ದು ಅದಲ್ಲ. ರಮೇಶ್ ಸಿಪ್ಪಿ ಮೊದಲು ತೆಗೆದ ಕೊನೆಯಲ್ಲಿ, ಕೈ ಕಳೆದುಕೊಂಡ ಠಾಕೂರ್ ಮೊಳೆ ಹೊಡೆದ ಬೂಟಿನಲ್ಲಿ ಗಬ್ಬರ್‌ನನ್ನು ಮುಗಿಸುತ್ತಾನೆ. 1975, ತುರ್ತುಪರಿಸ್ಥಿತಿ. ನಿವೃತ್ತ ಪೊಲೀಸ್ ಅಧಿಕಾರಿ ಕಾನೂನು ಕೈಗೆ ತಗೊಳ್ಳೋದನ್ನ ತೋರಿಸಕೂಡದು ಅಂತ ಸೆನ್ಸಾರ್ ಪಟ್ಟು ಹಿಡೀತು. ಕೊನೆಯನ್ನು ಮತ್ತೆ ಶೂಟ್ ಮಾಡಿದರು, ಸರಿಯಾದ ಸಮಯಕ್ಕೆ ಪೊಲೀಸರು ಬಂದರು, ಆಗಸ್ಟ್ 15ಕ್ಕೆ ಬಿಡುಗಡೆ ಆಯ್ತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಗೊತ್ತಿಲ್ಲದ ಕಥೆ ಮುಂದಿದೆ.

ಕತ್ತರಿಸದ ಆ ಕೊನೆ 1990ರಲ್ಲೇ ವಿಡಿಯೊ ಕ್ಯಾಸೆಟ್ಟಿನಲ್ಲಿ ಬಂತು. ಎಲ್ಲಿ? ಬ್ರಿಟನ್ನಿನಲ್ಲಿ. ಹಳೆಯ ರೀಲುಗಳ ಡಬ್ಬಗಳು ಸಿಕ್ಕಿದ್ದೂ ಇಂಗ್ಲೆಂಡಿನ ಗೋದಾಮಿನಲ್ಲಿ. ಅದನ್ನ ತೊಳೆದು, ತಿದ್ದಿ, ಫಿಲಂ ಹೆರಿಟೇಜ್ ಫೌಂಡೇಶನ್‌ನವರು ಮೂರು ವರ್ಷ ಕೂತು ಸರಿ ಮಾಡಿದ ಮೇಲೆ, 2025ರ ಜೂನ್ 27ರ ರಾತ್ರಿ ಮೊದಲು ತೋರಿಸಿದ್ದು ಇಟಲಿಯ ಬೊಲೋನ್ಯಾ ಊರಿನ ಚೌಕದಲ್ಲಿ, ಬಯಲಲ್ಲಿ ಪರದೆ ಕಟ್ಟಿ. ಆಮೇಲೆ ಕೆನಡಾದ ಟೊರಾಂಟೊ. ಆಮೇಲೆ ನಾವು. ಲಂಡನ್ನಿನ ಅಂಗಡಿಯಲ್ಲಿ ಕ್ಯಾಸೆಟ್ ಮಾರಾಟ ಆಗಿ 35 ವರ್ಷ ಆದ ಮೇಲೆ, ಕಲ್ಲು ಹೊತ್ತ ಮನುಷ್ಯ ಅದನ್ನ ಪರದೆ ಮೇಲೆ ನೋಡಿದ.

ಅಂದು ಗೆರೆ ಎಳೆದದ್ದು ಸರ್ಕಾರ. ಸರ್ಕಾರವನ್ನ ಬೈಯೋದು ಸುಲಭ, ನಮಗೆ ಅಭ್ಯಾಸವೂ ಇದೆ. ಇವತ್ತು ಅದೇ ಥರದ ಗೆರೆ ಎಳೀತಾ ಇರೋದು ಯಾರು ಅಂತ ಗೊತ್ತಾಗಿದ್ದು, ಆ ವರದಿ ಪ್ರಸಾರ ಆದ ಮೇಲೆ ನನಗೆ ಬಂದ ಒಂದು ಫೋನಿನಿಂದ.

ಚನ್ನಪಟ್ಟಣದಿಂದ. ನಿವೃತ್ತ ಶಿಕ್ಷಕಿ. "ಸಾರ್, ನೀವು ಇಟಲಿ ಕಥೆ ಹೇಳಿದ್ರಿ, ನಮ್ಮನೆ ಕಥೆ ಕೇಳಿ" ಅಂದರು. ಮಗ ಜರ್ಮನಿಯಲ್ಲಿದ್ದಾನೆ, ಸೊಸೆಯೂ ಕನ್ನಡದವಳೇ, ಮೊಮ್ಮಗನಿಗೆ ಏಳು ವರ್ಷ. ಮಗುವಿಗೆ ಕನ್ನಡ ಬರಲಿ ಅಂತ ವಾರಕ್ಕೊಂದು ಕನ್ನಡ ಸಿನಿಮಾ ತೋರಿಸಬೇಕು ಅನ್ನೋದು ಮನೆಯ ನಿಯಮ. ಮಗ ಒಂದಲ್ಲ, ಮೂರು ಕಡೆ ದುಡ್ಡು ಕಟ್ಟಿದ್ದಾನೆ. ಪೋಸ್ಟರ್ ಕಾಣುತ್ತೆ, ಒತ್ತಿದರೆ ಒಂದು ಸಾಲು ಬರುತ್ತೆ: ಈ ಚಿತ್ರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. ಸರಿ, ಇಲ್ಲಿಗೆ ರಜಕ್ಕೆ ಬಂದಾಗ ಮಗುವಿನ ಟ್ಯಾಬಿಗೆ ಹತ್ತು ಸಿನಿಮಾ ಡೌನ್‌ಲೋಡ್ ಮಾಡಿಕೊಂಡು ಹೋದ. ಡೌನ್‌ಲೋಡ್ ಅಂದ್ರೆ ಮನೆಗೆ ತಂದ ಹಾಗೆ ಅಂದುಕೊಂಡಿದ್ದ ಪಾಪ. ಅಲ್ಲಿ ಇಳಿದು ಇಂಟರ್ನೆಟ್ ಹಾಕಿದ ಮೇಲೆ ಹತ್ತರಲ್ಲಿ ಆರು ತೆರೆಯಲೇ ಇಲ್ಲ.

"ಆಮೇಲೆ ಏನ್ ಮಾಡಿದ್ರಿ ಮೇಡಂ?" ಅಂತ ಕೇಳಿದೆ. ಅವರು ಸ್ವಲ್ಪ ತಡೆದು ಹೇಳಿದರು: "ಭಾನುವಾರ ಮಧ್ಯಾಹ್ನ ನಾನು ಇಲ್ಲಿ ಟೀವಿಯಲ್ಲಿ ಸಿನಿಮಾ ಹಾಕ್ತೀನಿ. ಟೀವಿ ಮುಂದೆ ಸ್ಟೂಲು ಇಟ್ಟು, ಅದರ ಮೇಲೆ ಡಬ್ಬಿ, ಡಬ್ಬಿಗೆ ಫೋನ್ ಒರಗಿಸ್ತೀನಿ. ವಿಡಿಯೊ ಕಾಲ್‌ನಲ್ಲಿ ಮಗು ಅಲ್ಲಿ ನೋಡುತ್ತೆ. ಕುಕ್ಕರ್ ಕೂಗಿದ್ರೆ ಡೈಲಾಗ್ ಹೋಗುತ್ತೆ. ಕರೆಂಟ್ ಹೋದ್ರೆ ಸಿನಿಮಾನೇ ಹೋಗುತ್ತೆ."

ಕಾನೂನು ಓದಿದವರನ್ನು ಕೇಳಿದರೆ ಇದನ್ನೂ ಪೈರಸಿ ಅನ್ನೋರು ಸಿಗಬಹುದು. ಅಜ್ಜಿ ಆರೋಪಿ ನಂಬರ್ ಒಂದು, ಸ್ಟೂಲು ಸಾಕ್ಷಿ.

ಈ ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ನೋಡೋಣ. ನೀವು ಇಂಟರ್ನೆಟ್ಟಿಗೆ ಬಂದ ತಕ್ಷಣ ನಿಮಗೊಂದು ಐಪಿ ವಿಳಾಸ ಇರುತ್ತೆ. ಅದನ್ನ ನೋಡಿದರೆ ನೀವು ಯಾವ ದೇಶದಲ್ಲಿ ಕೂತಿದ್ದೀರಿ ಅಂತ ಕಂಪನಿಗೆ ಗೊತ್ತಾಗುತ್ತೆ. ಅವರ ಹತ್ತಿರ ಒಂದೊಂದು ಸಿನಿಮಾಗೂ ಒಂದೊಂದು ಪಟ್ಟಿ: ಈ ದೇಶಕ್ಕೆ ಉಂಟು, ಈ ದೇಶಕ್ಕೆ ಇಲ್ಲ. ತಂತ್ರಜ್ಞಾನ ಅಷ್ಟೇ. ಆ ಪಟ್ಟಿ ಬರೆದಿದ್ದು ಕಂಪ್ಯೂಟರ್ ಅಲ್ಲ, ಕರಾರು ಪತ್ರ. ಸಿನಿಮಾವನ್ನ ಇಡಿಯಾಗಿ ಯಾರೂ ಮಾರಲ್ಲ. ಥಿಯೇಟರ್ ಒಬ್ಬರಿಗೆ, ಟೀವಿ ಒಬ್ಬರಿಗೆ, ಹಾಡು ಒಬ್ಬರಿಗೆ, ಡಬ್ಬಿಂಗ್ ಒಬ್ಬರಿಗೆ, ಹೊರದೇಶ ಇನ್ನೊಬ್ಬರಿಗೆ. ಕಾಂತಾರ ನೆನಪಿಸಿಕೊಳ್ಳಿ. 2022ರ ನವೆಂಬರ್ 24ಕ್ಕೆ ಕನ್ನಡದ ಕಾಂತಾರ ಪ್ರೈಮ್ ವಿಡಿಯೊಗೆ ಬಂತು. ಹಿಂದಿ ಕಾಂತಾರ ಡಿಸೆಂಬರ್ 9ಕ್ಕೆ ನೆಟ್‌ಫ್ಲಿಕ್ಸ್‌ಗೆ. ಅದೇ ಶಿವ, ಅದೇ ಕಾಡು, ಅಂಗಡಿ ಮಾತ್ರ ಎರಡು. ಭಾಷೆಗೆ ಒಂದು ಬೇಲಿ ಹಾಕಬಹುದಾದರೆ ದೇಶಕ್ಕೆ ಹಾಕೋದು ಯಾವ ಲೆಕ್ಕ?

ಹೊಸದೇನೂ ಅಲ್ಲ ಇದು. ಡಿವಿಡಿ ಕಾಲದಲ್ಲೇ ಭೂಮಿಯನ್ನ ನಂಬರ್ ಹಾಕಿ ಹಂಚಿಕೊಂಡಿದ್ದರು. ಅಮೆರಿಕ 1, ಯೂರೋಪು ಮತ್ತು ಜಪಾನು 2, ನಮಗೆ ಸಿಕ್ಕಿದ್ದು 5. ಅಮೆರಿಕದ ಡಿಸ್ಕ್ ತಂದು ಇಲ್ಲಿನ ಪ್ಲೇಯರ್‌ಗೆ ಹಾಕಿದರೆ ಓಡ್ತಿರಲಿಲ್ಲ. ನಮ್ಮ ಎಸ್ಪಿ ರೋಡಿನ ಹುಡುಗರು ಎಲ್ಲ ನಂಬರೂ ಓಡುವ ಪ್ಲೇಯರ್ ಮಾರಿದರು ಅನ್ನೋದು ಬೇರೆ ಮಾತು. 2012ರ ಡಿಸೆಂಬರ್‌ನಲ್ಲಿ ಆಪಲ್‌ನ ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂತು. 2016ರ ಜನವರಿ 6ಕ್ಕೆ ನೆಟ್‌ಫ್ಲಿಕ್ಸ್, ನಮ್ಮನ್ನೂ ಸೇರಿಸಿ 130 ದೇಶಗಳಿಗೆ ಒಂದೇ ದಿನ ಬಾಗಿಲು ತೆಗೀತು. ನಮ್ಮವರು ಒಳಗೆ ಹೋಗಿ ನೋಡಿದರೆ ಅಮೆರಿಕದವರಿಗೆ ಇದ್ದ ಎಷ್ಟೋ ಚಿತ್ರ ನಮಗಿಲ್ಲ. ಆಗ ನಾವು ಹಾಲಿವುಡ್ ಸಿಗಲಿಲ್ಲ ಅಂತ ಅತ್ತವರು. ಈಗ ಜರ್ಮನಿಯಲ್ಲಿ ಕೂತ ಕನ್ನಡಿಗ ಕನ್ನಡ ಸಿಗಲಿಲ್ಲ ಅಂತ ಅಳ್ತಿದ್ದಾನೆ. ಈ ಎರಡನೇ ಅಳು ನನಗೆ ಹೆಚ್ಚು ತಾಕುತ್ತೆ. ಯಾಕೆ ಅಂದ್ರೆ ಹಾಲಿವುಡ್ ತಪ್ಪಿದರೆ ನಮಗೆ ನಷ್ಟ ಏನೂ ಇಲ್ಲ. ಏಳು ವರ್ಷದ ಮಗುವಿಗೆ ಕನ್ನಡ ತಪ್ಪಿದರೆ, ಹತ್ತು ವರ್ಷ ಬಿಟ್ಟು ಆ ಮನೆಯಲ್ಲಿ ಅಜ್ಜಿಗೆ ಫೋನ್ ಮಾಡಿ ಮಾತಾಡುವವರು ಇರಲ್ಲ.

ಯೂರೋಪಿನವರು ಈ ಬೀಗವನ್ನ ಸ್ವಲ್ಪ ಸಡಿಲ ಮಾಡಿದ್ದಾರೆ. 2018ರ ಏಪ್ರಿಲ್ 1ರಿಂದ ಅಲ್ಲಿ ಒಂದು ನಿಯಮ: ನೀನು ಫ್ರಾನ್ಸಿನಲ್ಲಿ ದುಡ್ಡು ಕಟ್ಟಿದ್ದರೆ, ಸ್ಪೇನಿಗೆ ರಜಕ್ಕೆ ಹೋದಾಗಲೂ ನಿನ್ನ ಮನೆಯ ಪಟ್ಟಿಯೇ ನಿನಗೆ ಕಾಣಬೇಕು. ಒಕ್ಕೂಟದ ಒಳಗೆ ಮಾತ್ರ, ತಾತ್ಕಾಲಿಕವಾಗಿ ಹೋದವರಿಗೆ ಮಾತ್ರ. ಅದೇ ವರ್ಷ ಡಿಸೆಂಬರ್ 3ರಿಂದ, ಗ್ರಾಹಕ ಯಾವ ದೇಶದವನು ಅಂತ ನೋಡಿ ಆನ್‌ಲೈನ್ ವ್ಯಾಪಾರ ನಿರಾಕರಿಸಬಾರದು ಅಂತ ಇನ್ನೊಂದು ನಿಯಮ ಬಂತು, ಅದರಿಂದ ಸಿನಿಮಾವನ್ನ ಹೊರಗಿಟ್ಟರು. ಶೂ, ಫ್ರಿಜ್ಜು, ಹೋಟೆಲ್ ರೂಮು ಎಲ್ಲದಕ್ಕೂ ಗಡಿ ಬೇಡ, ಸಿನಿಮಾಗೆ ಬೇಕು. ಅಲ್ಲಿನ ನಿರ್ಮಾಪಕರೇ ಬೇಕು ಅಂದರು.

ಯಾಕಂದರು? ಅವರ ಮಾತನ್ನೂ ಕೇಳಬೇಕು. ದೇಶ ದೇಶಕ್ಕೆ ಬಿಡಿಯಾಗಿ ಮಾರಿದರೆ ಸಿನಿಮಾ ಮುಗಿಯೋ ಮುಂಚೆಯೇ ಕೈಗೆ ದುಡ್ಡು ಬರುತ್ತೆ, ಅದರಲ್ಲೇ ಸಿನಿಮಾ ಮುಗಿಸಬಹುದು. ನಮ್ಮ ಗಾಂಧಿನಗರದ ನಿರ್ಮಾಪಕನ ಕಥೆ ಇನ್ನೂ ಬೇರೆ. ಬಡ್ಡಿಗೆ ತಂದ ದುಡ್ಡು, ದಿನಕ್ಕೊಂದು ಫೋನ್. ಅಂಥವನ ಮುಂದೆ ಯಾವನೋ ಬಂದು, ಎಲ್ಲ ಹಕ್ಕು, ಎಲ್ಲ ದೇಶ, ಎಲ್ಲ ಕಾಲಕ್ಕೂ ಕೊಡು, ಈ ಚೆಕ್ ತಗೋ ಅಂದ್ರೆ ಅವನು ಮೂವತ್ತು ಪುಟದ ಇಂಗ್ಲಿಷ್ ಕರಾರು ಓದ್ತಾನಾ? ಚೆಕ್ಕಿನಲ್ಲಿರೋ ಸೊನ್ನೆ ಎಣಿಸ್ತಾನೆ, ಸಹಿ ಹಾಕ್ತಾನೆ. ನಾನು ಅವನ ಜಾಗದಲ್ಲಿದ್ದರೂ ಅಷ್ಟೇ ಮಾಡ್ತಿದ್ದೆ.

ಈಗ ರಾಮನಗರದ ಗೂಡಿನ ಮಾರುಕಟ್ಟೆಗೆ ಬನ್ನಿ. ರೈತ ಬೆಳಗ್ಗೆ ರೇಷ್ಮೆಗೂಡು ತಂದು ಸುರೀತಾನೆ, ಲಾಟ್ ನಂಬರ್ ಬೀಳುತ್ತೆ, ಹರಾಜಾಗುತ್ತೆ. ಕೊಂಡ ರೀಲರ್ ಅದನ್ನ ತಗೊಂಡು ಹೋಗಿ ಮನೆಯಲ್ಲಿ ಅಲಂಕಾರಕ್ಕೆ ಇಟ್ಟುಕೊಳ್ಳಲ್ಲ. ದಿನ ಕಳೆದರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ, ಆಮೇಲೆ ಆ ಗೂಡಿನಿಂದ ನೂಲು ಬಿಚ್ಚೋಕಾಗಲ್ಲ. ಹಾಗಾಗಿ ಕೊಂಡವನು ಕೆಲಸ ಮಾಡಲೇಬೇಕು. ಸಿನಿಮಾ ಹಕ್ಕು ಕೊಂಡವನಿಗೆ ಈ ಅವಸರ ಇಲ್ಲ. ಭಾರತಕ್ಕೆ ಬಿಟ್ಟ, ಅವನ ಲೆಕ್ಕ ಸರಿಹೋಯ್ತು. ಜರ್ಮನಿಗೆ ಬಿಡಬೇಕಾದರೆ ಅಲ್ಲಿನ ಸಬ್‌ಟೈಟಲ್, ಅಲ್ಲಿನ ವಯಸ್ಸಿನ ರೇಟಿಂಗ್, ಹಾಡಿನ ಹಕ್ಕು, ಅಷ್ಟಕ್ಕೂ ನೋಡೋರು ಎಷ್ಟು ಜನ? ಬಿಡು ಅತ್ಲಾಗೆ. ಹೀಗೆ ಆ ಲಾಟ್ ಗೋದಾಮಿನಲ್ಲಿ ಕೂತಿರುತ್ತೆ. ಹಿಂದಿ, ತೆಲುಗು, ತಮಿಳಿಗೆ ಹೊರದೇಶದಲ್ಲಿ ದೊಡ್ಡ ಗಿರಾಕಿ ಇದ್ದಾರೆ, ಅವರನ್ನ ಹೀಗೆ ಬಿಡಲ್ಲ. ಬಿಟ್ಟುಹೋಗೋದು ನಾವು.

ಹಾಗೆ ಬಿಟ್ಟುಹೋದ ಜಾಗಕ್ಕೆ ಕಳ್ಳ ಬರ್ತಾನೆ. ಶುಕ್ರವಾರ ಬಿಡುಗಡೆ, ಶನಿವಾರ ಟೆಲಿಗ್ರಾಮ್. ಅವನಿಗೆ ಜರ್ಮನಿ ಇಲ್ಲ, ದುಬೈ ಇಲ್ಲ, ನ್ಯೂಜೆರ್ಸಿ ಇಲ್ಲ, ಎಲ್ಲ ಒಂದೇ. ಕಳ್ಳನಿಗೆ ನಮ್ಮಲ್ಲಿ ಗಟ್ಟಿ ಕಾನೂನಿದೆ, ಇರಲೂಬೇಕು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದರು: ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ದಂಡ ಮೂರು ಲಕ್ಷದಿಂದ ಶುರುವಾಗಿ ಚಿತ್ರ ತಯಾರಿಕೆ ವೆಚ್ಚದ ಶೇ. 5ರವರೆಗೆ. ಪೈರಸಿ ಮಾಡೋನ ಪರ ನನ್ನ ಹತ್ತಿರ ಒಂದು ಒಳ್ಳೇ ಮಾತಿಲ್ಲ. ಆದರೆ ಕೈಯಲ್ಲಿ ದುಡ್ಡು ಹಿಡಿದು ನಿಂತ ಗಿರಾಕಿಗೆ ಅಂಗಡಿಯವನೇ ಶಟರ್ ಎಳೆದು, ಆಮೇಲೆ, ಅಯ್ಯೋ ಹಿಂದಿನ ಬೀದೀಲಿ ಕಳ್ಳಮಾಲು ತಗೊಂಡ್ಯಾ ಅಂತ ಬೈದರೆ ಅದೆಂಥ ವ್ಯಾಪಾರ?

ಇಲ್ಲಿ ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಬೇಲಿ ಹಾಕೋದರಲ್ಲಿ ನಾವೇನು ಹಿಂದೆ ಬಿದ್ದವರಲ್ಲ. ಕನ್ನಡಕ್ಕೆ ಡಬ್ ಆದ ಚಿತ್ರ ಕರ್ನಾಟಕದಲ್ಲಿ ಬರಕೂಡದು ಅಂತ ದಶಕಗಳ ಕಾಲ ತಡೆದವರು ನಾವೇ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರ ಜುಲೈನಲ್ಲಿ ಕಾಂಪಿಟಿಷನ್ ಕಮಿಷನ್ನು ವಾಣಿಜ್ಯ ಮಂಡಳಿಯೂ ಸೇರಿದಂತೆ ಮೂರು ಸಂಘಗಳಿಗೆ ದಂಡ ಹಾಕಿತು. ಆ ತಡೆಗೆ ಅದರದೇ ಕಾರಣ ಇತ್ತು, ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ ಇತ್ತು, ಅದನ್ನ ಇನ್ನೊಂದು ದಿನ ಮಾತಾಡೋಣ. ನೋಡುವವನನ್ನ ಕೇಳದೇ ನಿನಗೆ ಇದು ಬೇಡ ಅಂತ ತೀರ್ಮಾನ ಮಾಡುವ ಚಾಳಿ ಎಲ್ಲಿಂದಲೋ ಇಳಿದು ಬಂದದ್ದಲ್ಲ ಅಂತ ಹೇಳೋಕೆ ಮಾತ್ರ ಈ ಮಾತು ತೆಗೆದೆ.

ನೋಡುವವನನ್ನ ಕೇಳಿ ಸಿನಿಮಾ ಮಾಡಿದವರೂ ಕನ್ನಡದಲ್ಲೇ ಇದ್ದಾರೆ. ಪವನ್ ಕುಮಾರ್ ಲೂಸಿಯಾ ಮಾಡಿದ್ದು ನೂರಕ್ಕೂ ಹೆಚ್ಚು ಜನ ಪ್ರೇಕ್ಷಕರು ಹಾಕಿದ ದುಡ್ಡಿನಲ್ಲಿ. 2013ರಲ್ಲಿ ಆ ಚಿತ್ರ ಮೊದಲು ಪ್ರದರ್ಶನ ಆಗಿದ್ದು ಲಂಡನ್ನಿನ ಚಿತ್ರೋತ್ಸವದಲ್ಲಿ, ಪ್ರೇಕ್ಷಕರ ಪ್ರಶಸ್ತಿ ಬಂತು. ಅಂದ್ರೆ ಹೊರಗೆ ನೋಡುವವರು ಇಲ್ಲ ಅನ್ನೋದು ಸುಳ್ಳು. ಹನ್ನೊಂದು ವರ್ಷ ಬಿಟ್ಟು, 2024ರಲ್ಲಿ, ರಕ್ಷಿತ್ ಶೆಟ್ಟಿ ತಂಡ 'ಏಕಂ' ಅನ್ನೋ ಏಳು ಕಥೆಗಳ ಸರಣಿಯನ್ನ ಹಿಡ್ಕೊಂಡು ಓಟಿಟಿ ಬಾಗಿಲು ಬಾಗಿಲು ತಟ್ಟಿತು. ಸರಿಯಾದ ಬೆಲೆಗೆ ಯಾರೂ ತಗೊಳ್ಳಲಿಲ್ಲ. ಕೊನೆಗೆ ಜುಲೈ 13ಕ್ಕೆ ತಮ್ಮದೇ ವೆಬ್‌ಸೈಟ್ ಮಾಡಿ, 149 ರೂಪಾಯಿ ಇಟ್ಟು ನೇರವಾಗಿ ಮಾರಿದರು. ರಕ್ಷಿತ್ ಶೆಟ್ಟಿಗೆ ಹೆಸರಿದೆ, ಮಾಡಬಹುದು. ಮೊದಲ ಸಿನಿಮಾ ಮಾಡಿದ ಮಾಗಡಿಯ ಹುಡುಗನೋ ಕನಕಪುರದ ಹುಡುಗನೋ ವೆಬ್‌ಸೈಟ್ ಮಾಡಿದರೆ ಅದು ಇದೆ ಅಂತ ಯಾರಿಗೆ ಗೊತ್ತಾಗುತ್ತೆ?

ಹಾಗಾದರೆ ದಾರಿ? ಒಂದು ಇದೆ, ಅದೂ ಪುಸ್ತಕದಲ್ಲೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ, 19ನೇ ಕಲಂ. ದಯವಿಟ್ಟು ನಿರ್ಮಾಪಕರು ಟೀವಿ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ. ಕರಾರಿನಲ್ಲಿ ಎಷ್ಟು ವರ್ಷ ಅಂತ ಬರೆದಿಲ್ಲ ಅಂದ್ರೆ ಐದೇ ವರ್ಷ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ, ಹೊರದೇಶ ನಿಮ್ಮ ಹತ್ತಿರವೇ ಉಳಿಯುತ್ತೆ. ಮೂರನೇದು ಬಹಳ ಮುಖ್ಯ: ಹಕ್ಕು ಕೊಂಡವನು ಒಂದು ವರ್ಷದೊಳಗೆ ಅದನ್ನ ಬಳಸದೇ ಹೋದರೆ, ಆ ಹಕ್ಕು ಬಿದ್ದುಹೋಗುತ್ತೆ. ನಮ್ಮ ರೀಲರ್‌ಗೆ ಚಿಟ್ಟೆ ಹಾಕುವ ಗಡುವು ಇದೆಯಲ್ಲ, ಅದನ್ನ ಕಾನೂನೇ ಹಾಕಿಟ್ಟಿದೆ.

ಮತ್ತೆ ಯಾಕೆ ಬಿದ್ದುಹೋಗ್ತಿಲ್ಲ? ಕಾನೂನಿನಲ್ಲಿ ಇನ್ನೊಂದು ತುಂಡು ಮಾತಿದೆ: ಕರಾರಿನಲ್ಲಿ ಬೇರೆ ರೀತಿ ಹೇಳದಿದ್ದರೆ. ಕಂಪನಿಗಳ ವಕೀಲರು ಜಾಣರು. 19ನೇ ಕಲಮಿನ ನಾಲ್ಕನೇ ಉಪಕಲಂ ಈ ಕರಾರಿಗೆ ಅನ್ವಯಿಸುವುದಿಲ್ಲ, ಬಳಸದಿದ್ದರೂ ಹಕ್ಕು ನಮ್ಮದೇ ಅಂತ ಒಂದು ಸಾಲು ಸೇರಿಸಿಬಿಡ್ತಾರೆ. ನಮ್ಮವರು ಸಹಿ ಹಾಕಿಬಿಡ್ತಾರೆ. ಮೂವತ್ತು ಪುಟದಲ್ಲಿ ಆ ಒಂದು ಸಾಲು ಹೊಡೆದುಹಾಕಿ ಅಂತ ಕೇಳೋ ಧೈರ್ಯ ಒಬ್ಬ ಸಣ್ಣ ನಿರ್ಮಾಪಕನಿಗೆ ಇರಲ್ಲ, ಒಪ್ಪಿದೆ. ಅದಕ್ಕೇ ಅಲ್ವಾ ಸಂಘ ಇರೋದು? ಡಬ್ಬಿಂಗ್ ತಡೆಯೋಕೆ ಒಗ್ಗಟ್ಟಾದವರು ಈ ಒಂದು ಸಾಲು ತೆಗೆಸೋಕೆ ಒಗ್ಗಟ್ಟಾಗಬಾರದಾ? ಸಾಲು ತೆಗೆದರೂ ಸಾಲದು. ಭಾರತದಲ್ಲಿ ಬಿಟ್ಟಿದ್ದೀನಲ್ಲ, ಬಳಸಿದ ಹಾಗೇ ಆಯ್ತು ಅಂತ ವಕೀಲ ವಾದ ಮಾಡ್ತಾನೆ. ಆದ್ದರಿಂದ ದೇಶ ದೇಶದ ಹೆಸರು ಹಾಕಿ ಬರೆಸಬೇಕು: ಇಂತಿಷ್ಟು ದಿನದೊಳಗೆ ಜರ್ಮನಿಯಲ್ಲಿ ಬಿಡದಿದ್ದರೆ ಜರ್ಮನಿ ವಾಪಸ್, ದುಬೈಯಲ್ಲಿ ಬಿಡದಿದ್ದರೆ ದುಬೈ ವಾಪಸ್. ಕೊಂಡವನು ಬೇಡ ಅಂತ ಮೂಲೆಗೆ ಇಟ್ಟ ಮಾಲು ತಾನೇ, ವಾಪಸ್ ಕೊಟ್ಟರೆ ಅವನಿಗೇನು ಹೋಗುತ್ತೆ?

ವಾಪಸ್ ಬಂದದ್ದನ್ನ ಎಲ್ಲಿ ಮಾರೋದು? ಕೇರಳ ಸರ್ಕಾರ 2024ರ ಮಾರ್ಚ್ 7ಕ್ಕೆ ಸಿ-ಸ್ಪೇಸ್ ಅಂತ ತನ್ನದೇ ಓಟಿಟಿ ಶುರು ಮಾಡಿತು, ನೋಡಿದಷ್ಟಕ್ಕೆ ದುಡ್ಡು, ಒಂದು ಚಿತ್ರಕ್ಕೆ 75 ರೂಪಾಯಿ. ಸರಿಯಾಗಿ ಒಂದು ವರ್ಷಕ್ಕೆ, 2025ರ ಮಾರ್ಚ್ 7ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗೆ ಸರ್ಕಾರವೇ ಓಟಿಟಿ ವೇದಿಕೆ ಮಾಡುತ್ತೆ ಅಂತ ಘೋಷಿಸಿದರು. ಅದೇ ಬಜೆಟ್ಟಿನ 200 ರೂಪಾಯಿ ಟಿಕೆಟ್ ಬಗ್ಗೆ ನಾವೆಲ್ಲ ವಾರಗಟ್ಟಲೆ ಚರ್ಚೆ ಮಾಡಿದೆವು. ಓಟಿಟಿ ಬಗ್ಗೆ ಒಂದು ದಿನವೂ ಮಾಡಲಿಲ್ಲ, ಅದರಲ್ಲಿ ನನ್ನ ತಪ್ಪೂ ಇದೆ. ಸರ್ಕಾರದ ವೇದಿಕೆ ಬಂದಾಗ ಒಂದನ್ನ ಮೊದಲ ದಿನವೇ ಕೇಳಬೇಕು: ಇದು ಚನ್ನಪಟ್ಟಣದಲ್ಲಿ ತೆರೆದ ಹಾಗೇ ಜರ್ಮನಿಯಲ್ಲೂ ತೆರೆಯುತ್ತಾ? ಸಹಾಯಧನ ಕೊಡುವಾಗ ನಿರ್ಮಾಪಕನ ಹತ್ತಿರ ಹತ್ತು ಕಾಗದ ಕೇಳ್ತೀರಿ. ಹನ್ನೊಂದನೇದಾಗಿ ಹೊರದೇಶದ ಹಕ್ಕು ಎಲ್ಲಿದೆ ಅಂತಲೂ ಕೇಳಿ. ಜನರ ತೆರಿಗೆ ದುಡ್ಡಿನಲ್ಲಿ ಸಹಾಯಧನ ಪಡೆದ ಚಿತ್ರ ಯಾವನದೋ ಗೋದಾಮಿನಲ್ಲಿ ಕೊಳೀಬಾರದು.

ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಇದೆ, ನಿಮಗೆ ಗೊತ್ತು. ಬೇರೆ ಯಾವ ಊರಿನವರೂ ಆ ಹೆಸರು ಹಾಕಿ ಮಾರೋ ಹಾಗಿಲ್ಲ. ಕೊಂಡುಕೊಳ್ಳೋಕೆ ಮಾತ್ರ ಯಾರು ಬೇಕಾದರೂ ಬರಬಹುದು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆ ಶಿಕ್ಷಕಿ ಇದನ್ನೇ ಹೇಳಿ ನಕ್ಕರು: "ಮೊಮ್ಮಗನಿಗೆ ಗೊಂಬೆ ಕಳಿಸಿದ್ರೆ ವಾರದಲ್ಲಿ ತಲುಪುತ್ತೆ ಸಾರ್. ಮರದ ಗೊಂಬೆಗೆ ವಿಮಾನ ಬೇಕು. ಸಿನಿಮಾಗೆ ಅದೂ ಬೇಡ, ಆದ್ರೂ ತಲುಪಲ್ಲ."

ಇಬ್ಬರು ನಿರ್ಮಾಪಕರಿಗೆ ಫೋನ್ ಮಾಡಿದ್ದೇನೆ. ಬರೋ ವಾರ ಇದೇ ಸ್ಟುಡಿಯೊಗೆ ಬರ್ತೀವಿ ಅಂದಿದ್ದಾರೆ. ಅವರು ಸಹಿ ಹಾಕಿದ ಕರಾರನ್ನೂ ತರೋಕೆ ಹೇಳಿದ್ದೇನೆ. ಒಬ್ಬರು, ಹುಡುಕಿಸ್ತೀನಿ ಎಲ್ಲಿಟ್ಟಿದ್ದೀನೋ ಅಂದರು. ಕಾರ್ಯಕ್ರಮ ರಾತ್ರಿ ಒಂಬತ್ತಕ್ಕೆ ಬೇಡ, ಭಾನುವಾರ ಬೆಳಗ್ಗೆ ಮಾಡಿ ಅಂತ ಚನ್ನಪಟ್ಟಣದಿಂದ ಕೋರಿಕೆ ಬಂದಿದೆ. ಮಧ್ಯಾಹ್ನ ಅವರ ಸ್ಟೂಲು, ಡಬ್ಬಿ, ಫೋನು ಮೂರಕ್ಕೂ ಬೇರೆ ಕೆಲಸ ಇರುತ್ತಂತೆ.